ಡಬ್ಲ್ಯುಪಿಎಲ್ (ಮಹಿಳಾ ಪ್ರೀಮಿಯರ್ ಲೀಗ್) 2024: ನಮಗೆ ಕಪ್ ತಂದುಕೊಟ್ಟಿದ್ದು ಮೂವರು ಸ್ಪಿನ್ನರ್‌ಗಳು. ಒಪ್ತೀರಾ?

ಮಿಡಲ್ ಸ್ಟಂಪ್

ಮಾರ್ಚ್ 17ರ ಫೈನಲ್ ಮುಗಿದು ಮೂರು ದಿನ ಆಯ್ತು. ನಿನ್ನೆ ಚಿನ್ನಸ್ವಾಮಿಯಲ್ಲಿ ಗಂಡಸರ ತಂಡದವರು ಸಾಲಾಗಿ ನಿಂತು ಸ್ಮೃತಿ ಮಂಧಾನ ನಾಯಕತ್ವದ ನಮ್ಮ ಆರ್‌ಸಿಬಿ (ರಾಯಲ್ ಚಾಲೆಂಜರ್ಸ್ ಬೆಂಗಳೂರು) ಮಹಿಳಾ ತಂಡವನ್ನು ಬರಮಾಡಿಕೊಂಡಿದ್ದನ್ನು ಎಲ್ಲರೂ ನೋಡಿರುತ್ತೀರಿ. ಆದರೆ ಎಲ್ಲಿ ನೋಡಿದರೂ ಮಾತು ಒಂದೇ: ಗಂಡಸರು 16 ಸೀಸನ್‌ನಲ್ಲಿ ಮಾಡದ್ದನ್ನು ಇವರು ಎರಡನೇ ಸೀಸನ್‌ನಲ್ಲೇ ಮಾಡಿದರು. ಸರಿ, ಖುಷಿ ಪಡೋಣ. ಆದರೆ ಹೇಗೆ ಗೆದ್ದರು ಅನ್ನೋದರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡ್ತಿದ್ದೀನಿ.

ನನ್ನ ಮಾತು ಇಷ್ಟು. ಈ ಕಪ್ ಬೌಲರ್‌ಗಳದ್ದು. ಇನ್ನೂ ಸರಿಯಾಗಿ ಹೇಳಬೇಕೆಂದರೆ ಮೂವರು ಸ್ಪಿನ್ನರ್‌ಗಳದ್ದು: ಸೋಫಿ ಮೊಲಿನೂ, ಶ್ರೇಯಾಂಕಾ ಪಾಟೀಲ್, ಆಶಾ ಶೋಭನಾ.

ಫೈನಲ್ ನೆನಪು ಮಾಡಿಕೊಳ್ಳಿ. ಎದುರಾಳಿ ಡೆಲ್ಲಿ ಕ್ಯಾಪಿಟಲ್ಸ್ 7 ಓವರ್‌ಗೆ ವಿಕೆಟ್ ಇಲ್ಲದೆ 64. ಶಫಾಲಿ ಹೊಡೆಯುತ್ತಿದ್ದ ರೀತಿಗೆ 180 ಆದರೂ ಆಶ್ಚರ್ಯ ಇರಲಿಲ್ಲ. ಎಂಟನೇ ಓವರ್ ಮೊಲಿನೂ ಕೈಗೆ ಬಂತು. ಶಫಾಲಿ, ಜೆಮಿಮಾ, ಕ್ಯಾಪ್ಸಿ, ಮೂವರೂ ಅದೇ ಓವರ್‌ನಲ್ಲಿ ಹೋದರು. 64ಕ್ಕೆ 0 ಇದ್ದದ್ದು 64ಕ್ಕೆ 3. ಆಮೇಲೆ ಡೆಲ್ಲಿ ಏಳಲೇ ಇಲ್ಲ, 18.3 ಓವರ್‌ಗೆ 113ಕ್ಕೆ ಆಲೌಟ್. ಶ್ರೇಯಾಂಕಾ 12 ರನ್‌ಗೆ 4, ಮೊಲಿನೂ 20ಕ್ಕೆ 3, ಆಶಾ 14ಕ್ಕೆ 2. ಉಳಿದ ಒಂದು ರನ್ ಔಟ್. ವೇಗದ ಬೌಲರ್‌ಗೆ ಒಂದೂ ವಿಕೆಟ್ ಇಲ್ಲ.

ಇದು ಒಂದು ದಿನದ ಮಾತಲ್ಲ. ಇಡೀ ಸೀಸನ್‌ನಲ್ಲಿ ಶ್ರೇಯಾಂಕಾಗೆ 13 ವಿಕೆಟ್, ಅತಿ ಹೆಚ್ಚು ವಿಕೆಟ್‌ಗೆ ಕೊಡುವ ಪರ್ಪಲ್ ಕ್ಯಾಪ್. ಆಶಾಗೆ 12, ಮೊಲಿನೂಗೆ 12. ಮೂವರದ್ದೂ ಸೇರಿ 37.

ಹರಾಜಿನ ಲೆಕ್ಕವನ್ನೂ ನೋಡಿ. ಮೊಲಿನೂ 30 ಲಕ್ಷ. ಶ್ರೇಯಾಂಕಾ 10 ಲಕ್ಷ. ಆಶಾ 10 ಲಕ್ಷ. ಒಟ್ಟು 50 ಲಕ್ಷ. ನಾಯಕಿ ಒಬ್ಬರಿಗೇ 3.4 ಕೋಟಿ ಕೊಟ್ಟ ತಂಡ ಇದು.

ನಿಮ್ಮ ಅಭಿಪ್ರಾಯ ಹೇಳಿ.

ಕವರ್ ಡ್ರೈವ್

ಸ್ಪಿನ್ನರ್‌ಗಳ ಬಗ್ಗೆ ಹೇಳಿದ್ದೆಲ್ಲ ನಿಜ. ಆದರೆ ಎಲೀಸ್ ಪೆರಿ ಹೆಸರೇ ಇಲ್ಲದೆ ಇಷ್ಟು ಉದ್ದ ಬರೆದಿದ್ದೀರಲ್ಲ ಗುರು!

ಪೆರಿ ಇಲ್ಲದಿದ್ದರೆ ಫೈನಲ್ ಇರಲಿ, ನಾಕೌಟ್‌ಗೂ ಬರುತ್ತಿರಲಿಲ್ಲ. ಮಾರ್ಚ್ 12, ಮುಂಬೈ ವಿರುದ್ಧ, ಸೋತಿದ್ದರೆ ಲೆಕ್ಕಾಚಾರಕ್ಕೆ ಬೇರೆಯವರ ಮುಖ ನೋಡಬೇಕಿತ್ತು. ಅವತ್ತು 4 ಓವರ್, 15 ರನ್, 6 ವಿಕೆಟ್. ಡಬ್ಲ್ಯುಪಿಎಲ್‌ನಲ್ಲಿ ಅಷ್ಟರವರೆಗೆ ಯಾರೂ 6 ವಿಕೆಟ್ ತೆಗೆದಿರಲಿಲ್ಲ. ಮುಂಬೈ 113ಕ್ಕೆ ಮುಗೀತು. ಸಾಲದು ಅಂತ ಬ್ಯಾಟ್ ಹಿಡಿದು ಔಟಾಗದೆ 40. ಎಲಿಮಿನೇಟರ್‌ನಲ್ಲಿ (ಎರಡನೇ, ಮೂರನೇ ಸ್ಥಾನದವರ ನಡುವಿನ ನಾಕೌಟ್ ಪಂದ್ಯ) ಮತ್ತೆ ಮುಂಬೈ ವಿರುದ್ಧ, ಬೇರೆ ಯಾರೂ ನಿಲ್ಲದ ಪಿಚ್‌ನಲ್ಲಿ 66. ಫೈನಲ್‌ನಲ್ಲಿ ಔಟಾಗದೆ 35. ಸೀಸನ್‌ಗೆ 347 ರನ್, ಅತಿ ಹೆಚ್ಚು ರನ್‌ಗೆ ಕೊಡುವ ಆರೆಂಜ್ ಕ್ಯಾಪ್. ಕೊನೆಯ ಮೂರು ಪಂದ್ಯಗಳಲ್ಲೂ ಗೆಲುವಿನ ಮಧ್ಯದಲ್ಲಿ ಇದ್ದವರು ಒಬ್ಬರೇ, ಪೆರಿ.

ಮಿಡಲ್ ಸ್ಟಂಪ್

ಪೆರಿ ದೊಡ್ಡ ಆಟಗಾರ್ತಿ ಅನ್ನೋದರಲ್ಲಿ ತಕರಾರೇ ಇಲ್ಲ. ಆದರೆ 2023ರಲ್ಲೂ ಪೆರಿ ಇದೇ ತಂಡದಲ್ಲಿ ಇದ್ದರು. ಡಿವೈನ್ ಇದ್ದರು, ಮಂಧಾನ ಇದ್ದರು, ರಿಚಾ ಇದ್ದರು. ಮೊದಲ ಐದೂ ಪಂದ್ಯ ಸೋತೆವು. ಯಾಕೆ? ಮೊದಲ ಪಂದ್ಯದಲ್ಲೇ ಡೆಲ್ಲಿಗೆ 2 ವಿಕೆಟ್‌ಗೆ 223 ಕೊಟ್ಟೆವು. ಗುಜರಾತ್‌ಗೆ 201 ಕೊಟ್ಟೆವು. ಬ್ಯಾಟಿಂಗ್ ಹೆಚ್ಚುಕಮ್ಮಿ ಅದೇ. ಬದಲಾಗಿದ್ದು 7ರಿಂದ 15ನೇ ಓವರ್ ತನಕ ಯಾರು ಬೌಲ್ ಮಾಡ್ತಾರೆ ಅನ್ನೋದು.

ಸ್ಕೋರ್‌ಬುಕ್

ಇಬ್ಬರೂ ಫೈನಲ್‌ನಿಂದ ಹಿಂದಕ್ಕೆ ಹೋಗ್ತಿದ್ದೀರಿ. ನಾನು ಮೊದಲಿನಿಂದ ಬರ್ತೀನಿ, ಪೂರ್ತಿ ನೋಡದವರಿಗೂ ಅನುಕೂಲ ಆಗುತ್ತೆ.

ಫೆಬ್ರವರಿ 24, ಚಿನ್ನಸ್ವಾಮಿ, ಯುಪಿ ವಿರುದ್ಧ. ನಾವು 157. ಮೇಘನಾ 53, ರಿಚಾ 62. ಯುಪಿ ಆರಾಮಾಗಿ ಹೋಗ್ತಿತ್ತು. 17ನೇ ಓವರ್‌ನಲ್ಲಿ ಆಶಾ ಮೂರು ವಿಕೆಟ್ ಕಿತ್ತರು, ಅದರಲ್ಲಿ ಗ್ರೇಸ್ ಹ್ಯಾರಿಸ್ ಕೂಡ. 22 ರನ್‌ಗೆ 5 ವಿಕೆಟ್. ಈ ಟೂರ್ನಿಯಲ್ಲಿ ಐದು ವಿಕೆಟ್ ತೆಗೆದ ಮೊದಲ ಭಾರತೀಯ ಆಟಗಾರ್ತಿ. ಗೆದ್ದದ್ದು 2 ರನ್‌ನಿಂದ. ಆ ಒಂದು ಓವರ್ ಇಲ್ಲದಿದ್ದರೆ ಸೀಸನ್ ಸೋಲಿನಿಂದ ಶುರುವಾಗ್ತಿತ್ತು, 2023ರ ಹಾಗೆಯೇ.

ಗುಜರಾತ್ ವಿರುದ್ಧ ಸುಲಭ, 8 ವಿಕೆಟ್. ಆಮೇಲೆ ಡೆಲ್ಲಿ 194 ಹೊಡೆದು 25 ರನ್‌ನಿಂದ ಸೋಲಿಸಿತು, ಮಂಧಾನ 74 ಹೊಡೆದೂ ಸಾಲಲಿಲ್ಲ. ಮುಂಬೈ ಕೂಡ ಸೋಲಿಸಿತು. ಮಾರ್ಚ್ 4ಕ್ಕೆ ಬೆಂಗಳೂರಿನ ಕೊನೆಯ ಪಂದ್ಯ, ಮಂಧಾನ 80, ಪೆರಿ 58, ತಂಡ 198, ಗೆದ್ದೆವು. ಪೆರಿಯ ಸಿಕ್ಸರ್ ಬೌಂಡರಿ ಆಚೆ ನಿಲ್ಲಿಸಿದ್ದ ಕಾರಿನ ಗಾಜು ಒಡೆದದ್ದು ಅವತ್ತೇ.

ದೆಹಲಿಗೆ ಹೋದ ಮೇಲೆ ಎರಡು ಸೋಲು. ಬೆತ್ ಮೂನಿ 85, ವೋಲ್ವಾರ್ಟ್ 76, ಗುಜರಾತ್ 199. ಮಾರ್ಚ್ 10ಕ್ಕೆ ಡೆಲ್ಲಿ ವಿರುದ್ಧ 1 ರನ್ ಸೋಲು. ಕೊನೆ ಎಸೆತಕ್ಕೆ 2 ರನ್ ಬೇಕಿತ್ತು, 51 ಹೊಡೆದಿದ್ದ ರಿಚಾ ರನ್ ಔಟ್. ಅಲ್ಲೇ ನೆಲದ ಮೇಲೆ ಕುಸಿದು ಕೂತಿದ್ದನ್ನು ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತೆ.

ಮಾರ್ಚ್ 12ರ ಮುಂಬೈ ಪಂದ್ಯವನ್ನೂ ಸೇರಿಸಿದರೆ 8ರಲ್ಲಿ 4 ಗೆಲುವು, 4 ಸೋಲು. ಮೂರನೇ ಸ್ಥಾನ. ಈ ತಂಡ ಕಪ್ ಗೆಲ್ಲುತ್ತೆ ಅಂತ ಮಾರ್ಚ್ 10ರ ರಾತ್ರಿ ಯಾರು ಹೇಳ್ತಿದ್ದರು?

ಗೂಗ್ಲಿ ಗೆಳತಿ

ಆಶಾ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ತಿರುವನಂತಪುರದವರು. ಕೇರಳ, ರೈಲ್ವೇಸ್, ಪುದುಚೇರಿ, ಮೂರೂ ಕಡೆ ಆಡಿದವರು. ಫೈನಲ್‌ಗೆ ಹಿಂದಿನ ದಿನ 33 ತುಂಬಿತು. ಇಷ್ಟು ವರ್ಷ ದೇಶಿ ಕ್ರಿಕೆಟ್‌ನಲ್ಲಿ ಬೌಲ್ ಮಾಡ್ತಾನೇ ಇದ್ದರು. ಟಿವಿ ಇಲ್ಲ, ಜನ ಇಲ್ಲ, ದುಡ್ಡೂ ಅಷ್ಟಕ್ಕಷ್ಟೇ. ಡಬ್ಲ್ಯುಪಿಎಲ್ ಇಲ್ಲದಿದ್ದರೆ ನಮ್ಮಲ್ಲಿ ಬಹಳ ಜನಕ್ಕೆ ಇವರ ಹೆಸರೂ ಗೊತ್ತಾಗುತ್ತಿರಲಿಲ್ಲ.

ಎಲಿಮಿನೇಟರ್ ಕೊನೆಯ ಮೂರು ಓವರ್ ಮತ್ತೆ ಮತ್ತೆ ನೋಡಿದೆ. ನಾವು ಹೊಡೆದದ್ದು ಬರೀ 135. ಹರ್ಮನ್‌ಪ್ರೀತ್ ಮತ್ತು ಅಮೇಲಿಯಾ ಕೆರ್ ಕ್ರೀಸ್‌ನಲ್ಲಿ. ಮುಂಬೈ ಗೆದ್ದ ಹಾಗೇ ಇತ್ತು. 18ನೇ ಓವರ್‌ನಲ್ಲಿ ಶ್ರೇಯಾಂಕಾ ಹರ್ಮನ್‌ಪ್ರೀತ್ ಅವರನ್ನು ತೆಗೆದರು. 12 ಎಸೆತಕ್ಕೆ 16. ಮೊಲಿನೂ 19ನೇ ಓವರ್‌ಗೆ ಕೊಟ್ಟದ್ದು 4. ಕೊನೆಯ ಓವರ್‌ಗೆ 12 ಬೇಕು. ಚೆಂಡು ಯಾರಿಗೆ? ಲೆಗ್ ಸ್ಪಿನ್ನರ್‌ಗೆ! ಆಶಾ ಕೊಟ್ಟದ್ದು 6 ರನ್. ಗೆಲುವು 5 ರನ್‌ನಿಂದ.

ಕೊನೆಯ ಓವರ್‌ನಲ್ಲಿ ಲೆಗ್ ಸ್ಪಿನ್ ಅಂದರೆ ಎದೆಗಾರಿಕೆ ಬೇಕು. ಬೌಲರ್‌ಗೂ ಬೇಕು, ಕೊಡೋ ನಾಯಕಿಗೂ ಬೇಕು.

ಥರ್ಡ್ ಮ್ಯಾನ್

ಇದೇ ನಾನು ಹೇಳಬೇಕು ಅಂದುಕೊಂಡಿದ್ದು. ಕೊನೆಯ ಮೂರು ಓವರ್‌ಗಳೂ ಸ್ಪಿನ್. ಮಂಧಾನ 2023ರಲ್ಲಿ ಒಬ್ಬರು ಹೊಡೆಸಿಕೊಂಡರೆ ತಕ್ಷಣ ಬದಲಾಯಿಸುತ್ತಿದ್ದರು. ಈ ಸಲ ಯಾರು ಯಾವಾಗ ಅನ್ನೋದು ಮೊದಲೇ ತೀರ್ಮಾನ ಆದ ಹಾಗೆ ಕಾಣ್ತಿತ್ತು. ಕೋಚ್ ಲ್ಯೂಕ್ ವಿಲಿಯಮ್ಸ್ ಬಂದದ್ದೂ ಈ ಸೀಸನ್‌ಗೇ. ನಾಯಕತ್ವಕ್ಕೆ ಸಿಗಬೇಕಾದ ಹೊಗಳಿಕೆ ಮಂಧಾನಗೆ ಇನ್ನೂ ಸಿಕ್ಕಿಲ್ಲ ಅಂತ ನನಗನಿಸುತ್ತೆ.

ಕವರ್ ಡ್ರೈವ್

ಪಿಚ್ ವಿಷಯ ಯಾರೂ ಎತ್ತಲಿಲ್ಲ. ದೆಹಲಿಯಲ್ಲಿ ಒಂದೇ ಮೈದಾನದಲ್ಲಿ ಹನ್ನೊಂದು ಪಂದ್ಯ ಆಡಿಸಿದರು. ಕೊನೆಗೆ ಬರುವಷ್ಟರಲ್ಲಿ ಪಿಚ್ ನಿಧಾನ ಆಗಿತ್ತು. ಫೈನಲ್‌ನಲ್ಲಿ ನಾವೇ 114 ಹೊಡೆಯೋಕೆ 19.3 ಓವರ್ ತಗೊಂಡೆವು. ಅದೇ ಫೈನಲ್ ಚಿನ್ನಸ್ವಾಮಿಯಲ್ಲಿ ಆಗಿದ್ದರೆ ಈ ಸ್ಪಿನ್ ಕಥೆ ಇರುತ್ತಿತ್ತಾ?

ಮಿಡಲ್ ಸ್ಟಂಪ್

ಆಶಾ 5 ವಿಕೆಟ್ ತೆಗೆದದ್ದು ಚಿನ್ನಸ್ವಾಮಿಯಲ್ಲೇ ಅಲ್ವಾ? ಮೊಲಿನೂ ಗುಜರಾತ್ ವಿರುದ್ಧ 25ಕ್ಕೆ 3 ತೆಗೆದದ್ದೂ ಅಲ್ಲೇ.

ಪಿಚ್ ನಿಧಾನ ಇತ್ತು, ಒಪ್ಪುತ್ತೀನಿ. ಆದರೆ ಅದೇ ಪಿಚ್ ಡೆಲ್ಲಿಗೂ ಇತ್ತು. ಅವರ ಹತ್ತಿರ ಜೊನಾಸೆನ್, ರಾಧಾ, ಮಿನ್ನು ಮಣಿ ಇದ್ದರು. ಸ್ಪಿನ್‌ಗೆ ಕೊರತೆ ಇರಲಿಲ್ಲ. ಡಿವೈನ್ ರಾಧಾರ ಒಂದೇ ಓವರ್‌ನಲ್ಲಿ 18 ಹೊಡೆದು ಒತ್ತಡ ಇಳಿಸಿದರು. ಆಮೇಲೆ ಮಂಧಾನ, ಪೆರಿ ಅವಸರ ಮಾಡಲೇ ಇಲ್ಲ. ಬಾಲ್‌ಗೊಂದು ರನ್ ಸಿಕ್ಕರೆ ಸಾಕು ಅಂತ ಗೊತ್ತಿತ್ತು. ನೋಡೋಕೆ ನಿಧಾನ ಅನಿಸಿತು, ಆದರೆ ಆ ಪಿಚ್‌ನಲ್ಲಿ 114 ಬೆನ್ನಟ್ಟೋದು ಹಾಗೇ.

ಈಸ್ಟ್ ಸ್ಟ್ಯಾಂಡ್

ಡೆಲ್ಲಿ ಕ್ಯಾಪಿಟಲ್ಸ್ ಬಗ್ಗೆ ನನಗೆ ನಿಜವಾಗಲೂ ಬೇಸರ ಇದೆ. ಎರಡು ಸೀಸನ್‌ನಲ್ಲೂ ಲೀಗ್‌ನಲ್ಲಿ ಮೊದಲ ಸ್ಥಾನ. ಎರಡು ಸಲವೂ ನೇರ ಫೈನಲ್. ಎರಡು ಸಲವೂ ಸೋಲು. ಲ್ಯಾನಿಂಗ್ ಅಂಥ ನಾಯಕಿಗೆ ಇದು ಬಹಳ ಕಷ್ಟ. ಈ ಸೀಸನ್‌ನಲ್ಲೂ 331 ರನ್ ಹೊಡೆದಿದ್ದಾರೆ.

ನನ್ನ ಪ್ರಶ್ನೆ ನಿಯಮದ್ದು. ಐದು ತಂಡ, ತಲಾ 8 ಪಂದ್ಯ. ಮೊದಲನೆಯವರು ನೇರ ಫೈನಲ್‌ಗೆ. ಎರಡನೆಯವರು ಮೂರನೆಯವರು ಎಲಿಮಿನೇಟರ್. ಡೆಲ್ಲಿ ಮಾರ್ಚ್ 13ಕ್ಕೆ ಕೊನೆಯ ಲೀಗ್ ಪಂದ್ಯ ಆಡಿ 17ರ ತನಕ ಸುಮ್ನೆ ಕೂತಿತು. ನಾವು 12, 15, 17 ಅಂತ ಬಿಸಿಯಲ್ಲೇ ಆಡಿದೆವು. ಅದೇ ಪಿಚ್‌ನಲ್ಲಿ ಯಾವ ಲೆಂಗ್ತ್ ಹಾಕಬೇಕು ಅಂತ ನಮ್ಮ ಬೌಲರ್‌ಗಳಿಗೆ ಎರಡು ದಿನದ ಹಿಂದಿನ ಅನುಭವ ಇತ್ತು. ಮೊದಲ ಸ್ಥಾನ ಪಡೆದದ್ದಕ್ಕೆ ಲಾಭ ಸಿಗಬೇಕು, ಇಲ್ಲಿ ನಷ್ಟ ಆಗ್ತಿದೆ. ಐಪಿಎಲ್ ತರಹ ಮೊದಲ ಎರಡು ತಂಡಕ್ಕೆ ಎರಡು ಅವಕಾಶ ಕೊಡಬಾರದಾ?

ಸ್ಕೋರ್‌ಬುಕ್

ಐದು ತಂಡಕ್ಕೆ ನಾಲ್ಕು ನಾಕೌಟ್ ಪಂದ್ಯ ಅಂದರೆ ನಾಲ್ಕು ತಂಡ ಮುಂದೆ ಹೋಗುತ್ತೆ, ಒಂದು ಮಾತ್ರ ಹೊರಗೆ. ಆಗ ಲೀಗ್‌ಗೆ ಬೆಲೆಯೇ ಇರಲ್ಲ. ತಂಡಗಳು ಜಾಸ್ತಿ ಆಗುವ ತನಕ ಈಗಿನ ಪದ್ಧತಿಯೇ ಸರಿ.

ಇನ್ನೊಂದು ಮಾತು. ಸೀಸನ್‌ನ ಶ್ರೇಷ್ಠ ಆಟಗಾರ್ತಿ ಆಗಿದ್ದು ದೀಪ್ತಿ ಶರ್ಮಾ. ಅವರ ತಂಡ ಯುಪಿ ಎಲಿಮಿನೇಟರ್‌ಗೂ ಬರಲಿಲ್ಲ. 295 ರನ್, 10 ವಿಕೆಟ್. ಡೆಲ್ಲಿ ವಿರುದ್ಧ ಹ್ಯಾಟ್ರಿಕ್ ತೆಗೆದು 1 ರನ್‌ನಿಂದ ಗೆಲ್ಲಿಸಿದರು. ಗುಜರಾತ್ ವಿರುದ್ಧ ಔಟಾಗದೆ 88 ಹೊಡೆದರು, ಆದರೂ ತಂಡ ಸೋತಿತು. ನಮ್ಮ ಖುಷಿಯಲ್ಲಿ ಅವರನ್ನು ಮರೆಯೋದು ಬೇಡ.

ಮೈಸೂರು ಎಕ್ಸ್‌ಪ್ರೆಸ್

ದೀಪ್ತಿ ಹೆಸರು ಬಂದದ್ದಕ್ಕೆ ಇನ್ನೆರಡು. ಒಂದು, ಸಜನಾ ಸಜೀವನ್. ವಯನಾಡಿನ ಹುಡುಗಿ, ಮುಂಬೈ ತಂಡ. ಸೀಸನ್‌ನ ಮೊದಲ ಪಂದ್ಯ, ಕೊನೆಯ ಎಸೆತ, 5 ರನ್ ಬೇಕು. ಈ ಟೂರ್ನಿಯಲ್ಲಿ ಅವರು ಎದುರಿಸಿದ ಮೊದಲ ಎಸೆತ ಅದು. ಮುಂದೆ ಬಂದು ಸಿಕ್ಸರ್! ಎರಡು, ಶಬ್ನಿಮ್ ಇಸ್ಮಾಯಿಲ್ ಮಾರ್ಚ್ 5ಕ್ಕೆ ದೆಹಲಿಯಲ್ಲಿ ಹಾಕಿದ ಗಂಟೆಗೆ 132.1 ಕಿ.ಮೀ. ವೇಗದ ಎಸೆತ. ಮಹಿಳಾ ಕ್ರಿಕೆಟ್‌ನಲ್ಲಿ ಅಳೆದು ದಾಖಲಾದ ಅತಿ ವೇಗದ ಎಸೆತ ಅದು.

ಈಗ ನನ್ನ ಅಸಲಿ ವಿಷಯ. ನಮ್ಮ ರಾಜ್ಯದ ಹುಡುಗಿಯರು.

ಶ್ರೇಯಾಂಕಾ ಬಗ್ಗೆ ಎಲ್ಲರೂ ಹೇಳಿದಿರಿ. ಬೆರಳಿಗೆ ಪೆಟ್ಟಾಗಿ ಮಧ್ಯದಲ್ಲಿ ಎರಡು ಪಂದ್ಯ ಆಡಲಿಲ್ಲ, ಆದರೂ ಪರ್ಪಲ್ ಕ್ಯಾಪ್. ಈ ಫೈನಲ್ ಹೊತ್ತಿಗೆ ಇನ್ನೂ 21 ವರ್ಷ. ಹೋದ ವರ್ಷ ಕೆರಿಬಿಯನ್ ಲೀಗ್‌ಗೆ ಗಯಾನಾ ತಂಡಕ್ಕೆ ಹೋಗಿ ಆಡಿ ಬಂದಿದ್ದರು. ನಮ್ಮ ಮೈಸೂರಿನ ಶುಭಾ ಸತೀಶ್ ಕೂಡ ಈ ಸಲ ಆರ್‌ಸಿಬಿ ತಂಡದಲ್ಲೇ ಇದ್ದರು. ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್‌ನಲ್ಲೇ 69 ಹೊಡೆದವರು. ಈ ಸೀಸನ್‌ನಲ್ಲಿ ಅವಕಾಶ ಹೆಚ್ಚು ಸಿಗಲಿಲ್ಲ. ವೃಂದಾ ದಿನೇಶ್‌ಗೆ ಯುಪಿ 1.3 ಕೋಟಿ ಕೊಟ್ಟಿತ್ತು. ಭುಜಕ್ಕೆ ಪೆಟ್ಟಾಗಿ ಮಧ್ಯದಲ್ಲೇ ಹೊರಗೆ ಹೋಗಬೇಕಾಯಿತು. ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಯುಪಿಯಲ್ಲಿ, ಕಡೂರಿನ ವೇದಾ ಕೃಷ್ಣಮೂರ್ತಿ ಗುಜರಾತ್‌ನಲ್ಲಿ.

ಧಾರವಾಡದ ಅಂಪೈರ್

ರಾಜೇಶ್ವರಿ, ವೇದಾ ಹೆಸರು ಒಟ್ಟಿಗೆ ಬಂದರೆ ನನಗೆ ನೆನಪಾಗೋದು 2017ರ ವಿಶ್ವಕಪ್. ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಗೆದ್ದರೆ ಮಾತ್ರ ಸೆಮಿಫೈನಲ್. ವೇದಾ 45 ಎಸೆತಕ್ಕೆ 70. ರಾಜೇಶ್ವರಿ 15 ರನ್‌ಗೆ 5 ವಿಕೆಟ್. ಮಿಥಾಲಿ ಶತಕ ಹೊಡೆದಿದ್ದರು ಸರಿ, ಆದರೆ ಅವತ್ತು ಭಾರತವನ್ನು ಸೆಮಿಗೆ ಒಯ್ದವರಲ್ಲಿ ಇಬ್ಬರು ನಮ್ಮ ಕಡೆಯವರು. ಒಬ್ಬರು ವಿಜಯಪುರ, ಒಬ್ಬರು ಕಡೂರು. ಬೆಂಗಳೂರಿನವರಲ್ಲ. ಇದನ್ನು ಯಾಕೆ ಹೇಳ್ತಿದ್ದೀನಿ ಅಂದರೆ, ಆಟ ಇರೋದು ಎಲ್ಲ ಜಿಲ್ಲೆಗಳಲ್ಲೂ. ಪಂದ್ಯ ಇಲ್ಲ ಅಷ್ಟೇ.

ಗಂಡು ಹುಡುಗರಿಗೆ 2022ರಿಂದ ಮಹಾರಾಜ ಟ್ರೋಫಿ ಇದೆ. ಹುಬ್ಬಳ್ಳಿ, ಮೈಸೂರು, ಶಿವಮೊಗ್ಗ ಅಂತ ಊರಿನ ಹೆಸರಿನ ತಂಡ, ಟಿವಿಯಲ್ಲಿ ಆಟ. ಅಲ್ಲಿ ನಾಲ್ಕು ಪಂದ್ಯ ಚೆನ್ನಾಗಿ ಆಡಿದ ಹುಡುಗನ ಹೆಸರು ಐಪಿಎಲ್ ಹರಾಜಿಗೆ ತಲುಪುತ್ತೆ. ಹೆಣ್ಣುಮಕ್ಕಳಿಗೆ 2024ರ ಈ ಹೊತ್ತಿಗೂ ಅಂಥ ಲೀಗ್ ಯಾಕಿಲ್ಲ? ಶಾಂತಾ ರಂಗಸ್ವಾಮಿ ಅಂಥ ಭಾರತದ ಮೊದಲ ಟೆಸ್ಟ್ ನಾಯಕಿಯನ್ನು ಕೊಟ್ಟ ರಾಜ್ಯ ಇದು. ಕಪ್ ಬಂದಿದೆ, ಜನ ನೋಡಿದ್ದಾರೆ. ಕೇಳೋಕೆ ಇದಕ್ಕಿಂತ ಒಳ್ಳೆ ಸಮಯ ಇನ್ನೊಂದಿಲ್ಲ.

ಈಸ್ಟ್ ಸ್ಟ್ಯಾಂಡ್

ನೂರಕ್ಕೆ ನೂರು. ಜನ ಬರ್ತಾರೋ ಇಲ್ವೋ ಅನ್ನೋ ಅನುಮಾನವನ್ನು ಚಿನ್ನಸ್ವಾಮಿಯ ಹನ್ನೊಂದು ಪಂದ್ಯ ತೀರಿಸಿದೆ. ಆರ್‌ಸಿಬಿ ಆಡಿದ ದಿನಗಳಲ್ಲಿ ಸ್ಟ್ಯಾಂಡ್ ತುಂಬಿತ್ತು, ಪುಟ್ಟ ಪುಟ್ಟ ಹುಡುಗಿಯರು 18 ನಂಬರ್ ಜೆರ್ಸಿ ಹಾಕಿ ಮಂಧಾನ ಅಂತ ಕೂಗುತ್ತಿದ್ದರು. ಫೈನಲ್ ಡೆಲ್ಲಿಯ ತವರಿನಲ್ಲಿ ನಡೆದರೂ ಆರ್‌ಸಿಬಿ ಕೂಗೇ ಜೋರಾಗಿತ್ತು.

ಮುಂದಿನ ಸೀಸನ್‌ಗೆ ನನ್ನ ಬೇಡಿಕೆ ಒಂದೇ. ಐದು ತಂಡಕ್ಕೂ ತವರಿನಲ್ಲಿ ಪಂದ್ಯ ಸಿಗಲಿ. ಮೊದಲ ವರ್ಷ ಎಲ್ಲ ಮುಂಬೈಯಲ್ಲಿ, ಈ ವರ್ಷ ಎರಡು ಊರು. ಲಖನೌ, ಅಹಮದಾಬಾದ್ ಜನ ಈ ಎರಡು ಸೀಸನ್‌ನಲ್ಲಿ ತಮ್ಮ ತಂಡವನ್ನು ತಮ್ಮ ಊರಲ್ಲಿ ನೋಡಿಯೇ ಇಲ್ಲ.

ಥರ್ಡ್ ಮ್ಯಾನ್

ತವರು ಪಂದ್ಯ ಜಾಸ್ತಿ ಆದರೆ ಪಿಚ್‌ಗಳೂ ಸವೆಯಲ್ಲ. ಕವರ್ ಡ್ರೈವ್ ಅವರ ದೂರಿಗೂ ಉತ್ತರ ಸಿಕ್ಕ ಹಾಗಾಯ್ತು.

ಕವರ್ ಡ್ರೈವ್

ಸಿಗಲಿ ಬಿಡಿ. ಆದರೂ ನನ್ನ ಮತ ಪೆರಿಗೇ. ಸ್ಪಿನ್ನರ್‌ಗಳು ಪಂದ್ಯ ತಿರುಗಿಸಿದರು. ತಿರುಗಿಸೋಕೆ ಪಂದ್ಯ ಉಳಿಸಿಕೊಟ್ಟದ್ದು ಪೆರಿ. ಎಲಿಮಿನೇಟರ್‌ನಲ್ಲಿ 66 ಇಲ್ಲದಿದ್ದರೆ ಆಶಾ ಕಾಪಾಡೋಕೆ 12 ರನ್ ಎಲ್ಲಿಂದ ಬರ್ತಿತ್ತು?

ಮಿಡಲ್ ಸ್ಟಂಪ್

ಇದು ಒಳ್ಳೆ ಪ್ರಶ್ನೆ. ಆದರೆ 135ನ್ನು ಉಳಿಸಿಕೊಳ್ಳೋದು ಟಿ20ಯಲ್ಲಿ ಅಪರೂಪ. ನೂರು ಸಲ ಆಡಿದರೆ ಜಾಸ್ತಿ ಸಲ ಬೆನ್ನಟ್ಟೋರೇ ಗೆಲ್ತಾರೆ. ಆ ಅಪರೂಪದ ಕೆಲಸ ಮಾಡಿದವರಿಗೆ ನನ್ನ ಮತ. ಫೈನಲ್‌ನ ಪಂದ್ಯಶ್ರೇಷ್ಠ ಕೊಟ್ಟದ್ದೂ ಮೊಲಿನೂಗೇ. ಮಂಡಿ ಲಿಗಮೆಂಟ್ ಹರಿದು ದೀರ್ಘಕಾಲ ಆಟದಿಂದ ದೂರ ಇದ್ದು ವಾಪಸ್ ಬಂದವರು ಅವರು. ಆ ಎಂಟನೇ ಓವರ್ ಇನ್ನೊಮ್ಮೆ ನೋಡಿ. ಶಫಾಲಿ ದೊಡ್ಡ ಹೊಡೆತಕ್ಕೆ ಹೋಗಿ ಕ್ಯಾಚ್ ಕೊಟ್ಟರು. ಅಷ್ಟಕ್ಕೇ ನಿಲ್ಲಿಸಿ ಬಿಗಿಯಾಗಿ ಹಾಕಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಮೊಲಿನೂ ಸ್ಟಂಪ್‌ಗೇ ಹಾಕಿ ಜೆಮಿಮಾ, ಕ್ಯಾಪ್ಸಿ ಇಬ್ಬರನ್ನೂ ಸತತ ಎಸೆತಗಳಲ್ಲಿ ಬೌಲ್ಡ್ ಮಾಡಿದರು.

ಹೊಸ ಸದಸ್ಯೆ

ನಮಸ್ಕಾರ. ಇಷ್ಟು ದಿನ ಸುಮ್ನೆ ಓದ್ತಿದ್ದೆ. ನನ್ನ ಮಗಳಿಗೆ 12 ವರ್ಷ. ಈ ಸೀಸನ್ ನೋಡಿದ ಮೇಲೆ ದಿನಾ ಗೋಡೆಗೆ ಚೆಂಡು ಎಸೆದು ಆಫ್ ಸ್ಪಿನ್ ಅಂತಾಳೆ. ನಾವು ಹಾಸನದವರು. ಎಲ್ಲಿಂದ ಶುರು ಮಾಡಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಧಾರವಾಡದ ಅಂಪೈರ್

ಮೇಡಂ, 12 ವರ್ಷ ಒಳ್ಳೆ ವಯಸ್ಸು. ತಡ ಆಗಿಲ್ಲ. ರಾಜ್ಯ ಕ್ರಿಕೆಟ್ ಸಂಸ್ಥೆ ಮೈಸೂರು, ಮಂಗಳೂರು, ಶಿವಮೊಗ್ಗ, ತುಮಕೂರು, ಧಾರವಾಡ, ರಾಯಚೂರು ಅಂತ ವಲಯಗಳನ್ನು ಮಾಡಿದೆ. ನಿಮ್ಮ ಜಿಲ್ಲೆ ಯಾವ ವಲಯಕ್ಕೆ ಸೇರುತ್ತೆ ಅಂತ ಕೇಳಿಕೊಂಡು, ಹುಡುಗಿಯರ ಆಯ್ಕೆ ಯಾವಾಗ ಅಂತ ವಿಚಾರಿಸಿ. ಈಗ ಬಿಸಿಸಿಐ 15 ವರ್ಷದೊಳಗಿನ ಹುಡುಗಿಯರಿಗೂ ಟೂರ್ನಿ ನಡೆಸುತ್ತೆ. ಅದಾದ ಮೇಲೆ 19, 23, ಆಮೇಲೆ ಸೀನಿಯರ್. ದಾರಿ ಮೊದಲಿಗಿಂತ ಸ್ಪಷ್ಟ ಇದೆ.

ಊರಲ್ಲಿ ಹುಡುಗಿಯರದ್ದೇ ತಂಡ ಇಲ್ಲದಿದ್ದರೆ ಹುಡುಗರ ಜೊತೆ ಆಡಲಿ. ಬಹಳ ಜನ ಹಾಗೇ ಬೆಳೆದವರು. ಒಂದೇ ಒಂದು ಮಾತು: ತಂಡಕ್ಕೆ ಸೇರಿಸುವ ಮುಂಚೆ ಅಲ್ಲಿ ಅವಳಿಗೆ ಬ್ಯಾಟಿಂಗ್, ಬೌಲಿಂಗ್ ಎರಡೂ ಸರಿಯಾಗಿ ಕೊಡ್ತಾರಾ ನೋಡಿ. ಬರೀ ಫೀಲ್ಡಿಂಗ್‌ಗೆ ನಿಲ್ಲಿಸೋ ಕಡೆ ಬೇಡ.

ಗೂಗ್ಲಿ ಗೆಳತಿ

ಅಕ್ಕಾ, ಇನ್ನೊಂದು. ಹೆಣ್ಣುಮಕ್ಕಳ ಚೆಂಡು ಗಂಡಸರದ್ದಕ್ಕಿಂತ ಸ್ವಲ್ಪ ಹಗುರ, 140ರಿಂದ 151 ಗ್ರಾಂ. ಅಭ್ಯಾಸಕ್ಕೆ ಅದನ್ನೇ ಕೊಡಿಸಿ. ದೊಡ್ಡ ಚೆಂಡಿನಲ್ಲಿ ಕಲಿತರೆ ಬೆರಳಿನ ಹಿಡಿತ ಬೇರೆ ಆಗಿಬಿಡುತ್ತೆ. ಶ್ರೇಯಾಂಕಾ ಫೈನಲ್‌ನ 3.3 ಓವರ್ ಅವಳಿಗೆ ಪೂರ್ತಿ ತೋರಿಸಿ, ವಿಕೆಟ್ ಮಾತ್ರ ಅಲ್ಲ. ಲ್ಯಾನಿಂಗ್ ಔಟಾಗುವ ಮುಂಚಿನ ಎಸೆತಗಳನ್ನೂ ನೋಡಲಿ.

ಹೊಸ ಸದಸ್ಯೆ

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಚೆಂಡಿನ ವಿಷಯ ಗೊತ್ತೇ ಇರಲಿಲ್ಲ. ಭಾನುವಾರ ಹೋಗಿ ವಿಚಾರಿಸ್ತೀನಿ, ಏನಾಯ್ತು ಅಂತ ಇಲ್ಲೇ ಬರೀತೀನಿ.